ಚರ್ಚ್ ಮುಂದಿನ ಉದ್ದ ಕ್ಯೂ: ದುಡ್ಡು ಕೊಟ್ಟರೆ ತಪ್ಪುತ್ತದೆಯೇ?

ಪ್ರಶ್ನೆ: ಮೇ ಕೊನೆಯಲ್ಲಿ ನಾವು ನಾಲ್ಕು ಜನ ಯೂರೋಪಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ, 68 ವರ್ಷದ ನಮ್ಮ ಅತ್ತೆ. ಬಾರ್ಸಿಲೋನಾದಲ್ಲಿ ಎರಡು ದಿನ, ಪ್ಯಾರಿಸ್‌ನಲ್ಲಿ ನಾಲ್ಕು, ರೋಮ್‌ನಲ್ಲಿ ಮೂರು. ಅತ್ತೆಗೆ ಮಂಡಿ ನೋವು, ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಆಗುವುದಿಲ್ಲ. ಆದರೆ ಸಗ್ರಾದಾ ಫಮೀಲಿಯಾ, ನೋತ್ರ್ ದಾಮ್, ಸೇಂಟ್ ಪೀಟರ್ಸ್ ಈ ಮೂರು ಚರ್ಚ್‌ಗಳನ್ನೂ ನೋಡಬೇಕೆಂಬ ಆಸೆ ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚು. ಒಂದು ವೆಬ್‌ಸೈಟ್ ಮೂರಕ್ಕೂ ಸೇರಿ ‘ಸ್ಕಿಪ್ ದ ಲೈನ್’ (ಸಾಲು ತಪ್ಪಿಸುವ) ಟಿಕೆಟ್ ಎಂದು ತಲೆಗೆ 190 ಯೂರೊ ಕೇಳುತ್ತಿದೆ. ಮಗನಿಗೂ ಅಷ್ಟೇ. ನಮ್ಮ ಭಾವ ‘ಅದೆಲ್ಲ ಸುಮ್ನೆ, ಅಲ್ಲೇ ಕೌಂಟರಿನಲ್ಲಿ ತಗೊಳ್ಳಿ’ ಎನ್ನುತ್ತಾರೆ. ಪರಿಚಯದವರೊಬ್ಬರು ‘ಬೆಳಿಗ್ಗೆ ಬೇಗ ಹೋದರೆ ನರಪಿಳ್ಳೆಯೂ ಇರುವುದಿಲ್ಲ’ ಎಂದರು. ಇನ್ನೊಬ್ಬರು ‘ಪೂಜೆಗೆ ಬಂದಿದ್ದೇವೆ ಅಂತ ಹೇಳಿ ಒಳಗೆ ಹೋಗಿಬಿಡಿ’ ಎಂದರು. ಯಾರ ಮಾತು ಕೇಳುವುದು? ಟಿಕೆಟ್ ಫೋನಿನಲ್ಲಿ ಇದ್ದರೆ ಸಾಕೇ, ಪ್ರಿಂಟ್ ಬೇಕೇ ಅನ್ನುವುದನ್ನೂ ತಿಳಿಸಿ.

ಉತ್ತರ: ಆ 190 ಯೂರೊ ಕಟ್ಟಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನೀವು ನೋಡಬೇಕೆಂದಿರುವ ಮೂರರಲ್ಲಿ ಎರಡಕ್ಕೆ ಪ್ರವೇಶ ಟಿಕೆಟ್ಟೇ ಇಲ್ಲ. ಪ್ಯಾರಿಸ್‌ನ ನೋತ್ರ್ ದಾಮ್ ಉಚಿತ. ರೋಮ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾ ಕೂಡ ಉಚಿತ. ದುಡ್ಡು ಕೊಡಲೇಬೇಕಾದದ್ದು ಸಗ್ರಾದಾ ಫಮೀಲಿಯಾಗೆ ಮಾತ್ರ. ಅಲ್ಲಿನ ಸಾಮಾನ್ಯ ಟಿಕೆಟ್ ದೊಡ್ಡವರಿಗೆ 26 ಯೂರೊ ಆಸುಪಾಸು. 11 ವರ್ಷ ತುಂಬದ ಮಕ್ಕಳಿಗೆ ಏನೂ ಇಲ್ಲ. ಅಂದರೆ ನಿಮ್ಮ ಮಗನಿಗೆ ಮೂರೂ ಕಡೆ ಒಂದು ಪೈಸೆಯೂ ಬೇಕಿಲ್ಲ, ಅವನ ಹೆಸರಿನಲ್ಲಿ 190 ಯೂರೊ ಕೇಳುತ್ತಿದ್ದಾರೆ. ಟಿಕೆಟ್ಟೇ ಇಲ್ಲದ ಕಡೆಗೆ ಟಿಕೆಟ್ ಮಾರುವವರು ನಿಜವಾಗಿ ಮಾರುತ್ತಿರುವುದು ಏನು ಎಂದು ಕೇಳಬೇಕು ಅಲ್ವಾ? ಕೆಲವೊಮ್ಮೆ ಅದು ಗೈಡ್ ಸೇವೆ. ಕೆಲವೊಮ್ಮೆ ಫೋನಿನಲ್ಲಿ ಕೇಳುವ ಆಡಿಯೋ. ಕೆಲವೊಮ್ಮೆ ಅದೂ ಇರುವುದಿಲ್ಲ.

ಹಾಗಂತ ನಿಮ್ಮ ಚಿಂತೆ ಸಣ್ಣದಲ್ಲ. ಕುಟುಂಬಗಳಿಗೆ ಯೂರೋಪ್ ಪ್ರವಾಸದ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ಹಿರಿಯರು ಜೊತೆಗಿದ್ದಾಗ ನಾನು ಮೊದಲು ನೋಡುವುದು ಹೋಟೆಲ್ ಅಲ್ಲ, ವಿಮಾನ ಅಲ್ಲ, ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು. ಮಂಡಿ ನೋವಿರುವವರನ್ನು ಕಲ್ಲುಹಾಸಿನ ಮೇಲೆ ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರೆ, ಒಳಗೆ ಹೋದ ಮೇಲೆ ಅವರು ಚರ್ಚ್ ನೋಡುವುದಿಲ್ಲ. ಕೂರಲು ಜಾಗ ಹುಡುಕುತ್ತಾರೆ. ಅಷ್ಟು ದೂರ ಹೋಗಿ ಹಾಗಾಗಬಾರದು.

ಹೊರಗಿನಿಂದ ನೋಡಿದರೆ ಎಲ್ಲ ಕ್ಯೂಗಳೂ ಒಂದೇ ತರಹ ಕಾಣುತ್ತವೆ. ಆದರೆ ಜನ ಯಾತಕ್ಕೆ ನಿಂತಿದ್ದಾರೆ ಅನ್ನುವುದು ಒಂದೊಂದು ಕಡೆ ಬೇರೆ. ಟಿಕೆಟ್ ಕೊಳ್ಳಲು ನಿಂತ ಸಾಲು ಒಂದು. ಬ್ಯಾಗ್ ಸ್ಕ್ಯಾನ್ ಮಾಡಿಸಿ, ಲೋಹ ಪತ್ತೆ ಮಾಡುವ ಚೌಕಟ್ಟು ದಾಟಲು ನಿಂತ ಸೆಕ್ಯುರಿಟಿ ಸಾಲು ಇನ್ನೊಂದು. ಒಳಗಿರುವವರು ಒಂದಿಷ್ಟು ಹೊರಗೆ ಬರಲಿ ಎಂದು ಕಾಯುವ ಸಾಲು ಮತ್ತೊಂದು. ದುಡ್ಡು ಕೊಟ್ಟರೆ ಕರಗುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಯಾರೂ ತಪ್ಪಿಸಲಾರರು, ಎಷ್ಟು ದುಬಾರಿ ಟಿಕೆಟ್ ಇದ್ದರೂ ಬ್ಯಾಗ್ ಬೆಲ್ಟಿನ ಮೇಲೆ ಇಡಲೇಬೇಕು. ಮೂರನೆಯದಕ್ಕೆ ಮುಂಚೆಯೇ ಸಮಯ ಕಾಯ್ದಿರಿಸುವುದು, ಇಲ್ಲವೇ ಜನ ಕಡಿಮೆ ಇರುವ ಹೊತ್ತಿಗೆ ಹೋಗುವುದು, ಇವೆರಡೇ ದಾರಿ. ‘ಸ್ಕಿಪ್ ದ ಲೈನ್’ ಎಂದು ಜಾಹೀರಾತು ಕೊಡುವವರು ಯಾವ ಲೈನ್ ಎಂದು ಹೇಳುವುದಿಲ್ಲ. ನೀವು ಮೋಸ ಹೋಗುವುದು ಅಲ್ಲಿಯೇ.

ಈಗ ಬಾರ್ಸಿಲೋನಾ. ನಿಮ್ಮ ಭಾವನ ಸಲಹೆ ಕೇಳಿ ಹೋದರೆ ತೊಂದರೆಯಾಗುವುದು ಈ ಊರಿನಲ್ಲಿ. ಸಗ್ರಾದಾ ಫಮೀಲಿಯಾ ಟಿಕೆಟ್ ಈಗ ಆನ್‌ಲೈನ್‌ನಲ್ಲಿ ಮಾತ್ರ. ಒಂದು ಕಾಲದಲ್ಲಿ ಚರ್ಚ್ ಸುತ್ತ ಹಬ್ಬುತ್ತಿದ್ದ ಟಿಕೆಟ್ ಕ್ಯೂ ಇಲ್ಲವಾದದ್ದೇ ಹೀಗೆ. ಆದರೆ ಅದರ ಇನ್ನೊಂದು ಮುಖವೂ ಇದೆ. ಮೊದಲು ಕ್ಯೂನಲ್ಲಿ ನಿಂತವರಿಗೆ ತಡವಾಗಿಯಾದರೂ ಟಿಕೆಟ್ ಸಿಗುತ್ತಿತ್ತು. ಈಗ ಮುಂಚೆ ಬುಕ್ ಮಾಡದೆ ಹೋದವರು ಅಲ್ಲಿ ನಿಂತು ಫೋನ್ ತೆಗೆದು ನೋಡಿದರೆ ‘ಇಂದಿನ ಟಿಕೆಟ್ ಮುಗಿದಿದೆ’ ಎಂದು ತೋರಿಸುತ್ತದೆ. ಹೊರಗಿನಿಂದ ಫೋಟೋ ತೆಗೆದುಕೊಂಡು ವಾಪಸ್ ಹೋಗುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಜನ ಇಷ್ಟು ಬರಲು ಕಾರಣವಿದೆ. 1882ರಲ್ಲಿ ಕಟ್ಟಲು ಶುರು ಮಾಡಿದ ಚರ್ಚ್ ಇದು. ಮರುವರ್ಷ ಕೆಲಸ ವಾಸ್ತುಶಿಲ್ಪಿ ಅಂತೋನಿ ಗೌಡಿ ಕೈಗೆ ಬಂತು. ಅವರು 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡರು. ಇದೇ ಚರ್ಚ್‌ನ ನೆಲಮಾಳಿಗೆಯಲ್ಲಿ ಅವರ ಸಮಾಧಿ ಇದೆ. ಕೆಲಸ ಅವರ ನಂತರವೂ ಮುಂದುವರಿಯಿತು. ಈಚಿನ ವರ್ಷಗಳಲ್ಲಿ ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಜನ ನೋಡಿ ಹೋಗುತ್ತಿದ್ದಾರೆ. 2026ಕ್ಕೆ ಗೌಡಿ ತೀರಿಹೋಗಿ 100 ವರ್ಷವಾದ್ದರಿಂದ ಆಸಕ್ತಿ ಇನ್ನೂ ಹೆಚ್ಚಾಗಿದೆ. ಈ ಚರ್ಚ್ ಶುರುವಿನಿಂದಲೂ ಕಾಣಿಕೆ ಹಣದಿಂದ ಎದ್ದದ್ದು. ಇವತ್ತು ಕಟ್ಟುವ ಖರ್ಚಿನ ದೊಡ್ಡ ಪಾಲು ನೋಡಲು ಬರುವವರ ಟಿಕೆಟ್ಟಿನಿಂದಲೇ ಬರುತ್ತದೆ. ಚರ್ಚ್‌ನದೇ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಟಿಕೆಟ್ ತೆಗೆದುಕೊಂಡರೆ ನಿಮ್ಮ ದುಡ್ಡು ನೇರವಾಗಿ ಆ ಕಲ್ಲಿಗೆ ಹೋಗುತ್ತದೆ. ನನಗೆ ಅದು ಮುಖ್ಯ ಅನ್ನಿಸುತ್ತದೆ.

ಸುಮಾರು ಎರಡು ತಿಂಗಳು ಮುಂಚೆ ಟಿಕೆಟ್ ಬಿಡುತ್ತಾರೆ. ನಿಮ್ಮದು ಮೇ ಕೊನೆ ಎಂದರೆ ಮಾರ್ಚ್ ಕೊನೆಯಿಂದಲೇ ನೋಡುತ್ತಿರಿ. ದಿನ ಮತ್ತು ಒಳಗೆ ಹೋಗುವ ಸಮಯ ಎರಡನ್ನೂ ಬುಕ್ ಮಾಡುವಾಗಲೇ ಆರಿಸಬೇಕು. ಮಗನಿಗೆ ದುಡ್ಡಿಲ್ಲ ಎಂದು ಅವನನ್ನು ಬಿಟ್ಟು ಬುಕ್ ಮಾಡಬೇಡಿ, ಉಚಿತ ಟಿಕೆಟ್ಟನ್ನೂ ಅದೇ ಬುಕಿಂಗ್‌ನಲ್ಲಿ ಸೇರಿಸಬೇಕು.

ಸಮಯ ಆರಿಸುವಾಗ ಜನಸಂದಣಿಯ ಜೊತೆಗೆ ಬೆಳಕನ್ನೂ ನೋಡಿ. ಈ ಚರ್ಚ್‌ನ ಪೂರ್ವದ ಕಡೆ ಬಣ್ಣದ ಗಾಜೆಲ್ಲ ನೀಲಿ, ಹಸಿರು. ಪಶ್ಚಿಮದ ಕಡೆ ಕೆಂಪು, ಕಿತ್ತಳೆ. ಬೆಳಿಗ್ಗೆ ಹೋದರೆ ಒಳಗಿನ ಕಂಬಗಳು ನೀರಿನ ಒಳಗೆ ನಿಂತಂತೆ ಕಾಣುತ್ತವೆ. ಸಂಜೆ ಐದರ ನಂತರ ಹೋದರೆ ಅದೇ ಕಂಬಗಳಿಗೆ ಬೆಂಕಿಯ ಬಣ್ಣ. ಮಧ್ಯಾಹ್ನದ ಬೆಳಕಿನಲ್ಲಿ ಈ ಎರಡೂ ಅಷ್ಟಾಗಿ ಸಿಗುವುದಿಲ್ಲ, ಜನ ಮಾತ್ರ ಜಾಸ್ತಿ. ನಿಮ್ಮ ಅತ್ತೆಗೆ ನಾನು ಬೆಳಗಿನ ಮೊದಲ ಸಮಯವನ್ನೇ ಹೇಳುತ್ತೇನೆ. ರಾತ್ರಿ ಮಲಗಿ ಎದ್ದ ಕಾಲು ಅದು. ಸಂಜೆಗೆ ಊರೆಲ್ಲ ಸುತ್ತಿ ದಣಿದಿರುತ್ತದೆ.

ಗೋಪುರ ಹತ್ತುವ ಟಿಕೆಟ್ ಬೇರೆ, ಅದಕ್ಕೆ ಹೆಚ್ಚು ದುಡ್ಡು. ಇಲ್ಲೊಂದು ಎಚ್ಚರಿಕೆ. ಲಿಫ್ಟ್ ಇದೆ ಎಂದು ಓದಿ ಹಿರಿಯರಿಗೂ ತೆಗೆದುಕೊಳ್ಳುತ್ತಾರೆ. ಲಿಫ್ಟ್ ಇರುವುದು ಹತ್ತಲು ಮಾತ್ರ. ಇಳಿಯುವುದು ಕಿರಿದಾದ ಸುರುಳಿ ಮೆಟ್ಟಿಲಿನಲ್ಲಿ, ನೂರಾರು ಮೆಟ್ಟಿಲು. ಮಂಡಿ ನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂದು ನಿಮಗೂ ಗೊತ್ತು. ಆರು ವರ್ಷ ತುಂಬದ ಮಕ್ಕಳನ್ನು ಗೋಪುರಕ್ಕೆ ಬಿಡುವುದಿಲ್ಲ, ನಿಮ್ಮ ಮಗನಿಗೆ ಆ ತೊಂದರೆಯಿಲ್ಲ. ಅವನು ಮತ್ತು ನಿಮ್ಮ ಯಜಮಾನರು ಮೇಲೆ ಹೋಗಲಿ. ಅಷ್ಟು ಹೊತ್ತು ನೀವು ಮತ್ತು ಅತ್ತೆ ಒಳಗೆ ಕುಳಿತು ಮೇಲೆ ನೋಡುತ್ತಿರಿ. ಆ ಚಾವಣಿ ಕೂತು ನೋಡಬೇಕಾದದ್ದೇ.

ಪ್ಯಾರಿಸ್‌ಗೆ ಬರೋಣ. ನೋತ್ರ್ ದಾಮ್ 2019ರ ಏಪ್ರಿಲ್ 15ರಂದು ಬೆಂಕಿಗೆ ಸಿಕ್ಕಿತು. ಓಕ್ ಮರದ ಚಾವಣಿ ಸುಟ್ಟುಹೋಯಿತು, ಮೇಲಿನ ಶಿಖರ ಮುರಿದು ಬಿತ್ತು. ಐದು ವರ್ಷದ ಕೆಲಸದ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಆವಾಗಿನಿಂದ ಮುಂದಿನ ಅಂಗಳದಲ್ಲಿ ಸಾಲು ಇದ್ದೇ ಇರುತ್ತದೆ. ದೂರದಿಂದ ನೋಡಿದರೆ ಎದೆ ಒಡೆಯುತ್ತದೆ. ಆದರೆ ಇದು ಟಿಕೆಟ್ ಕೊಳ್ಳುವ ಸಾಲಲ್ಲ, ಸುಮ್ನೆ ಒಳಗೆ ಹೋಗುವ ಸಾಲು. ಅದಕ್ಕೇ ನಿಲ್ಲದೆ ಸರಿಯುತ್ತಿರುತ್ತದೆ. ನೋಡಿದಷ್ಟು ಭಯವಿಲ್ಲ.

ಮುಂಚೆ ಸಮಯ ಕಾಯ್ದಿರಿಸುವ ವ್ಯವಸ್ಥೆಯೂ ಇದೆ. ಅದೂ ಉಚಿತ, ಕಡ್ಡಾಯ ಅಲ್ಲ. ಕೆಥೆಡ್ರಲ್‌ನ ಸ್ವಂತ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಮಾಡಬೇಕು. ಆದರೆ ಹೋಗುವ ದಿನಕ್ಕೆ ಎರಡು ದಿನ ಮುಂಚೆಯಷ್ಟೇ ಸಿಗುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ. ಏಕೆಂದರೆ ಊರಿನಲ್ಲಿ ಕುಳಿತು ಒಂದು ತಿಂಗಳು ಮುಂಚೆ ನೋಡಿದಾಗ ಏನೂ ಕಾಣುವುದಿಲ್ಲ. ‘ಅಯ್ಯೋ, ಎಲ್ಲ ಮುಗಿದಿದೆ’ ಎಂದು ಗಾಬರಿಯಾಗಿ ಜನ ಬೇರೆಯವರ ಹತ್ತಿರ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮುಗಿದಿಲ್ಲ, ಇನ್ನೂ ತೆರೆದೇ ಇಲ್ಲ. ಪ್ಯಾರಿಸ್ ತಲುಪಿದ ಮೇಲೆ ಒಂದು ಫೋನ್‌ನಲ್ಲಿ ಆಗಾಗ ನೋಡುತ್ತಿರಿ, ದಿನದಲ್ಲಿ ಮತ್ತೆ ಮತ್ತೆ ಜಾಗ ಬಿಡುತ್ತಾರೆ. ಸಿಗದಿದ್ದರೆ ಗುರುವಾರ ಸಂಜೆ ಹೋಗಿ. ಅವತ್ತು ರಾತ್ರಿ 10ರವರೆಗೆ ತೆರೆದಿರುತ್ತದೆ. ಬೇರೆ ಪ್ರವಾಸಿಗರು ಊಟಕ್ಕೆ ಹೋಗಿರುವ ಹೊತ್ತು ಅದು. ನಾಲ್ಕು ದಿನ ಇರುವ ನಿಮಗೆ ಅದರಲ್ಲೊಂದು ಗುರುವಾರ ಸಿಗುವ ಹಾಗೆ ಪ್ರವಾಸ ಹೊಂದಿಸಿಕೊಂಡರೆ ಒಳ್ಳೆಯದು. ದೊಡ್ಡ ಸೂಟ್‌ಕೇಸ್ ಹಿಡಿದು ಹೋಗಬೇಡಿ, ಒಳಗೆ ಬಿಡುವುದಿಲ್ಲ. ಗೋಪುರ ಹತ್ತಲು ಮತ್ತು ಒಳಗಿನ ಭಂಡಾರ ನೋಡಲು ಮಾತ್ರ ಟಿಕೆಟ್ ಬೇಕು. ಗೋಪುರಕ್ಕೆ 400ಕ್ಕೂ ಹೆಚ್ಚು ಮೆಟ್ಟಿಲು, ನಿಮ್ಮ ಅತ್ತೆಯ ಮಟ್ಟಿಗೆ ಅದನ್ನು ಬಿಟ್ಟುಬಿಡಿ.

ನೀವು ಕೇಳದಿದ್ದರೂ ಒಂದು ಹೆಸರು ಸೇರಿಸುತ್ತೇನೆ. ನೋತ್ರ್ ದಾಮ್ ಇರುವುದು ಸೆನ್ ನದಿಯ ನಡುವಿನ ದ್ವೀಪದಲ್ಲಿ. ಅದೇ ದ್ವೀಪದಲ್ಲಿ, ನಡೆದು ಹೋಗುವ ದೂರದಲ್ಲಿ ಸ್ಯಾಂತ್ ಶಪೆಲ್ ಎಂಬ ಚಿಕ್ಕ ಚರ್ಚ್ ಇದೆ. ಒಂಬತ್ತನೇ ಲೂಯಿ ದೊರೆ ಕಟ್ಟಿಸಿದ್ದು, 1248ರಲ್ಲಿ ಪ್ರತಿಷ್ಠೆಯಾದದ್ದು. ಗೋಡೆಯ ಜಾಗದಲ್ಲೆಲ್ಲ ಬಣ್ಣದ ಗಾಜು, ಅದರಲ್ಲಿ ಸಾವಿರಕ್ಕೂ ಹೆಚ್ಚು ದೃಶ್ಯಗಳು. ಬಿಸಿಲಿರುವ ದಿನ ಒಳಗೆ ನಿಂತರೆ ಮಾತು ಬರುವುದಿಲ್ಲ. ಇಲ್ಲಿ ಮಾತ್ರ ನಾನು ಹೇಳಿದ ಮೂರು ಬಗೆಯ ಸಾಲೂ ಒಟ್ಟಿಗೆ ಸಿಗುತ್ತವೆ. ಟಿಕೆಟ್ ಇದೆ. ಜಾಗ ಸಣ್ಣದು. ನ್ಯಾಯಾಲಯದ ಕಟ್ಟಡಗಳ ಆವರಣದ ಒಳಗೆ ಇರುವುದರಿಂದ ಸೆಕ್ಯುರಿಟಿ ವಿಮಾನ ನಿಲ್ದಾಣದ ಹಾಗೆ ಕಟ್ಟುನಿಟ್ಟು. ಸಮಯ ಬರೆದ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಪ್ಯಾರಿಸ್ ಮ್ಯೂಸಿಯಂ ಪಾಸ್ (ಹಲವು ಕಡೆಗೆ ಸೇರಿ ಒಂದೇ ಟಿಕೆಟ್) ಇದ್ದವರೂ ಇಲ್ಲಿಗೆ ಬೇರೆಯಾಗಿ ಸಮಯ ಕಾಯ್ದಿರಿಸಬೇಕು, ಪಾಸ್ ಇದ್ದರೆ ಸಾಕು ಎಂದು ಹೋಗಿ ಸಿಕ್ಕಿಹಾಕಿಕೊಳ್ಳುವವರು ಬಹಳ. ಗಾಜಿನ ಕಿಟಕಿಗಳಿರುವುದು ಮೇಲಿನ ಅಂತಸ್ತಿನಲ್ಲಿ, ದಾರಿ ಕಿರಿದಾದ ಸುರುಳಿ ಮೆಟ್ಟಿಲು. ಒಂದೇ ಅಂತಸ್ತು. ಅತ್ತೆಗೆ ಆಗುತ್ತದೋ ಇಲ್ಲವೋ ಅವರನ್ನೇ ಕೇಳಿ ನಿರ್ಧರಿಸಿ.

ರೋಮ್‌ನಲ್ಲಿ ದುಡ್ಡಿಗಿಂತ ಗಡಿಯಾರದ ಕೆಲಸ ಜಾಸ್ತಿ. ಸೇಂಟ್ ಪೀಟರ್ಸ್ ಮುಂದಿನ ಸಾಲು ಪೂರ್ತಿ ಸೆಕ್ಯುರಿಟಿ ಸಾಲು. ಚರ್ಚ್ ಮುಂದಿನ ಚೌಕದ ಕಂಬಸಾಲಿನ ಕೆಳಗೆ ಸ್ಕ್ಯಾನರ್‌ಗಳಿವೆ. ಸಾಲು ಬೆಳೆದರೆ ತೆರೆದ ಚೌಕದಲ್ಲಿ ಅರ್ಧ ಸುತ್ತು ಬರುತ್ತದೆ, ಅಲ್ಲಿ ನೆರಳಿಲ್ಲ. ಬೆಸಿಲಿಕಾ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ನಿಮ್ಮ ಪರಿಚಯದವರು ಹೇಳಿದ ‘ಬೇಗ ಹೋಗಿ’ ಎಂಬ ಮಾತು ಮೂರೂ ಊರುಗಳಲ್ಲಿ ಅತಿ ಹೆಚ್ಚು ನಿಜವಾಗುವುದು ಇಲ್ಲಿಯೇ. ಏಳು, ಏಳೂವರೆಗೆ ಅಲ್ಲಿದ್ದರೆ ಸಾಲು ಚಿಕ್ಕದು. ಒಂಬತ್ತೂವರೆಗೆ ಬಸ್ಸುಗಳು ಬಂದಿಳಿದ ಮೇಲೆ ಅದೇ ಚೌಕ ಬೇರೆಯೇ. ಬೇಗ ಎಂದರೆ ಬಾಗಿಲು ತೆರೆಯುವ ಹೊತ್ತು. ತಿಂಡಿ ಮುಗಿಸಿ ಹೊರಡುವ ಹೊತ್ತಲ್ಲ.

ಬುಧವಾರ ಬೆಳಿಗ್ಗೆ ಮಾತ್ರ ಬೇಡ. ಪೋಪ್ ರೋಮ್‌ನಲ್ಲಿದ್ದರೆ ಅವತ್ತು ಜನರಿಗೆ ದರ್ಶನ ಕೊಡುತ್ತಾರೆ, ಚೌಕ ತುಂಬಿರುತ್ತದೆ, ಬೆಸಿಲಿಕಾ ಒಳಗೆ ಬಿಡುವುದು ಅದು ಮುಗಿದ ಮೇಲೆ. ಭಾನುವಾರ ಮಧ್ಯಾಹ್ನ 12ಕ್ಕೆ ಕಿಟಕಿಯಿಂದ ಪ್ರಾರ್ಥನೆ ನಡೆಸುತ್ತಾರೆ, ಆಗಲೂ ಜನವೋ ಜನ. ಪೋಪ್ ಅವರನ್ನೇ ನೋಡಬೇಕೆಂದಿದ್ದರೆ ಆ ಎರಡು ದಿನಗಳೇ ಸರಿ, ಚರ್ಚ್ ನೋಡಲು ಬೇರೆ ದಿನ ಇಟ್ಟುಕೊಳ್ಳಿ.

ಬೆಸಿಲಿಕಾದ ಸ್ವಂತ ವೆಬ್‌ಸೈಟ್‌ನಲ್ಲಿ ಆಡಿಯೋ ಗೈಡ್ ಜೊತೆ ಪ್ರವೇಶದ ಸಮಯ ಕಾಯ್ದಿರಿಸಲು ಸಾಧ್ಯ, ಅದಕ್ಕೆ ಸ್ವಲ್ಪ ದುಡ್ಡು. ಏಳಕ್ಕೆ ಏಳುವುದು ಅತ್ತೆಗೆ ಕಷ್ಟ ಎಂದಾದರೆ ಇದು ಒಳ್ಳೆಯ ದಾರಿ. ಸ್ಕ್ಯಾನರ್ ಆಗಲೂ ತಪ್ಪದು. ಗುಮ್ಮಟದ ಟಿಕೆಟ್ ಮತ್ತೆ ಬೇರೆ. ಒಟ್ಟು 551 ಮೆಟ್ಟಿಲು, ಲಿಫ್ಟ್ ತೆಗೆದುಕೊಂಡರೂ ಕೊನೆಯ 320 ಕಾಲಿನಲ್ಲೇ ಹತ್ತಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಎಲ್ಲರಿಗೂ ಬೇಕು, ಗಂಡಸರಿಗೂ ಮಕ್ಕಳಿಗೂ. ಅಷ್ಟು ಹೊತ್ತು ಸಾಲಿನಲ್ಲಿ ನಿಂತು ಬಾಗಿಲಲ್ಲಿ ಚಡ್ಡಿಯ ಕಾರಣಕ್ಕೆ ವಾಪಸ್ ಕಳಿಸಿಕೊಂಡ ಅಪ್ಪಂದಿರನ್ನು ನೋಡಿ ಬೇಜಾರಾಗಿದೆ.

ರೋಮ್‌ನ ದೊಡ್ಡ ಗೊಂದಲ ಒಂದಿದೆ. ವ್ಯಾಟಿಕನ್ ಮ್ಯೂಸಿಯಂ ಮತ್ತು ಸೇಂಟ್ ಪೀಟರ್ಸ್ ಒಂದೇ ಅಲ್ಲ. ಸಿಸ್ಟೀನ್ ಚಾಪೆಲ್ ಇರುವುದು ಮ್ಯೂಸಿಯಂ ಒಳಗೆ. ಅದಕ್ಕೆ ಟಿಕೆಟ್ ಇದೆ, ಬಾಗಿಲೂ ಬೇರೆ, ಕೋಟೆ ಗೋಡೆ ಸುತ್ತಿ ಹೋಗಬೇಕು. ಚೌಕದ ಆಸುಪಾಸಿನಲ್ಲಿ ಕೊರಳಿಗೆ ಕಾರ್ಡ್ ಹಾಕಿಕೊಂಡು ‘ಈ ಸಾಲು ಮೂರು ಗಂಟೆ, ನಮ್ಮ ಜೊತೆ ಬನ್ನಿ’ ಎನ್ನುವವರು ಸಿಗುತ್ತಾರೆ. ಅವರು ಬಹಳ ಸಲ ಮಾರುವುದು ಮ್ಯೂಸಿಯಂ ಟೂರ್. ನೀವು ನಿಂತಿರುವುದು ಉಚಿತ ಬೆಸಿಲಿಕಾದ ಮುಂದೆ. ಮಾತಿಗೆ ನಿಲ್ಲದೆ ಮುಂದೆ ಹೋಗಿ.

ಪೂಜೆಯ ನೆಪ ಹೇಳಿ ಎಂದವರ ಮಾತು ನನಗೆ ಇಷ್ಟವಾಗಲಿಲ್ಲ. ಇವು ಇವತ್ತಿಗೂ ಜನ ಮಂಡಿಯೂರಿ ಪ್ರಾರ್ಥಿಸುವ ಜಾಗಗಳು. ಸುಳ್ಳು ಹೇಳಿ ಒಳಗೆ ಹೋಗಿ ಫೋಟೋ ತೆಗೆಯಲು ಶುರು ಮಾಡಿದರೆ, ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತವರಿಗೆ ಏನನ್ನಿಸೀತು? ನಿಜವಾಗಿ ಬಲಿಪೂಜೆಯಲ್ಲಿ (ಮಾಸ್, ಅಂದರೆ ಚರ್ಚ್‌ನ ಸಾಮೂಹಿಕ ಪ್ರಾರ್ಥನೆಯಲ್ಲಿ) ಕೂರುವ ಮನಸ್ಸಿದ್ದರೆ ಧಾರಾಳವಾಗಿ ಹೋಗಿ, ಬೇರೆ ಧರ್ಮದವರೆಂದು ಯಾರೂ ತಡೆಯುವುದಿಲ್ಲ. ಸಗ್ರಾದಾ ಫಮೀಲಿಯಾದಲ್ಲಿ ಭಾನುವಾರ ಬೆಳಿಗ್ಗೆ 9ಕ್ಕೆ ಹೊರಗಿನವರೂ ಬರಬಹುದಾದ ಬಲಿಪೂಜೆ ಇದೆ, ಟಿಕೆಟ್ ಬೇಡ. ಜಾಗ ತುಂಬಿದರೆ ಬಾಗಿಲು ಹಾಕುತ್ತಾರೆ, ಆದ್ದರಿಂದ ಬಹಳ ಮುಂಚೆ ಹೋಗಿ ನಿಲ್ಲಬೇಕು. ಅಂದರೆ ಅದರಿಂದ ಕ್ಯೂ ತಪ್ಪುವುದೂ ಇಲ್ಲ. ಮುಗಿದ ಮೇಲೆ ಒಳಗೆ ಸುತ್ತಾಡಲು ಬಿಡುವುದೂ ಇಲ್ಲ. ಆದರೆ ಆ ಕಂಬಗಳ ನಡುವೆ ಆರ್ಗನ್ ವಾದ್ಯ ಕೇಳುತ್ತಾ ಒಂದು ಗಂಟೆ ಕೂತ ಅನುಭವ ಯಾವ ಟಿಕೆಟ್ಟಿನಲ್ಲೂ ಸಿಗದು.

ಹಾಗಾದರೆ ಗೈಡ್ ಇರುವ ಟೂರ್ ಪೂರ್ತಿ ದಂಡವೇ? ಅಲ್ಲ. ಒಳ್ಳೆಯ ಗೈಡ್ ಇದ್ದರೆ ಕಲ್ಲು ಮಾತಾಡುತ್ತದೆ. ನಿಮ್ಮ ಮಗನ ವಯಸ್ಸಿಗೆ ಅದು ತುಂಬ ಒಳ್ಳೆಯದು. ಚರ್ಚ್‌ನ ವೆಬ್‌ಸೈಟ್‌ನಲ್ಲಿ ಟಿಕೆಟ್ ಮುಗಿದ ದಿನವೂ ಟೂರ್ ಕಂಪನಿಗಳ ಹತ್ತಿರ ಕೆಲವು ಸಲ ಜಾಗ ಇರುತ್ತದೆ. ಆದರೆ ಅದನ್ನು ಗೈಡ್‌ಗಾಗಿ ತೆಗೆದುಕೊಳ್ಳಿ, ಕ್ಯೂ ತಪ್ಪುತ್ತದೆ ಎಂದಲ್ಲ. ಗುಂಪು ಸೇರಲು ಅರ್ಧ ಗಂಟೆ ಮುಂಚೆ ಬೀದಿಯ ಒಂದು ಮೂಲೆಯಲ್ಲಿ ಕಾಯಬೇಕು, ಅದೂ ನಿಂತೇ. ಗುಂಪಿನ ನಡಿಗೆಯ ವೇಗ ನಿಮ್ಮ ಅತ್ತೆಯ ವೇಗವಲ್ಲ.

ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಕುಟುಂಬಕ್ಕೆ ಮಧ್ಯವರ್ತಿಯೊಬ್ಬರಿಂದ ಬುಕ್ ಮಾಡಿಸಿದ್ದೆ. ಅವರು ಕಳಿಸಿದ್ದು ಟಿಕೆಟ್ ಅಲ್ಲ, ವೋಚರ್. ನಿಜವಾದ ಟಿಕೆಟ್ ತರುವ ವ್ಯಕ್ತಿ ಬರಲೇ ಇಲ್ಲ. ಆರು ಜನ ಬೀದಿಯಲ್ಲಿ 50 ನಿಮಿಷ ನಿಂತರು, ಒಳಗೆ ಹೋಗುವ ಸಮಯ ದಾಟಿಹೋಯಿತು. ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ ತಾಯಿ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದು ಇನ್ನೂ ಕೊರೆಯುತ್ತದೆ. ಆವತ್ತಿನಿಂದ ಬುಕ್ ಮಾಡುವ ಮುಂಚೆ ಕೇಳುತ್ತೇನೆ: ನನ್ನ ಕೈಗೆ ಬರುವುದು ಬಾಗಿಲಲ್ಲಿ ಸ್ಕ್ಯಾನ್ ಆಗುವ ಟಿಕೆಟ್ಟೇ, ಅಥವಾ ಅದನ್ನು ಕೊಡುತ್ತೇವೆ ಎಂಬ ಚೀಟಿಯೇ? ನೀವೂ ಕೇಳಿ.

ಅತ್ತೆಯ ಬಗ್ಗೆ ಇನ್ನೊಂದು ಮಾತು. ಬಾಗಿಲಿನ ಸಿಬ್ಬಂದಿಗೆ ನೇರವಾಗಿ ಹೇಳಿ, ಇವರಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ ಎಂದು. ಸಂಕೋಚ ಬೇಡ. ಪಕ್ಕದ ದಾರಿಯಿಂದ ಬಿಡಲೇಬೇಕು ಎಂಬ ನಿಯಮ ವಯಸ್ಸಿಗೆ ಇಲ್ಲದಿರಬಹುದು, ಆದರೆ ಕೇಳಿದವರಿಗೆ ಎಷ್ಟೋ ಸಲ ದಾರಿ ತೋರಿಸುತ್ತಾರೆ. ಗಾಲಿ ಕುರ್ಚಿಯಲ್ಲಿ ಬರುವವರಿಗೆ ಮೂರೂ ಕಡೆ ಮೆಟ್ಟಿಲಿಲ್ಲದ ಪ್ರವೇಶ ಇದೆ. ಕೆಲವು ಹಿರಿಯರಿಗೆ ಗಾಲಿ ಕುರ್ಚಿ ಎಂದರೆ ಮುಜುಗರ. ಒತ್ತಾಯ ಮಾಡಬೇಡಿ. ಒಬ್ಬರು ಸಾಲಿನಲ್ಲಿ ನಿಂತು, ಅವರು ಹತ್ತಿರದಲ್ಲೇ ನೆರಳಿನಲ್ಲಿ ಕೂತಿದ್ದು, ಬಾಗಿಲು ಹತ್ತಿರವಾದಾಗ ಬಂದು ಸೇರಿದರೂ ಆಗುತ್ತದೆ. ಹಿಂದಿರುವವರಿಗೆ ಮುಂಚೆಯೇ ಹೇಳಿಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಕೊನೆಯಲ್ಲಿ ಕೇಳಿದ್ದೀರಿ, ಟಿಕೆಟ್ ಫೋನಿನಲ್ಲಿದ್ದರೆ ಸಾಕೇ ಎಂದು. ಸಾಕು, ಬಾಗಿಲಲ್ಲಿ ಅದನ್ನೇ ಸ್ಕ್ಯಾನ್ ಮಾಡುತ್ತಾರೆ. ಆದರೆ ಮೇಲ್‌ನಲ್ಲಿದೆ, ಅಲ್ಲೇ ತೆರೆದರಾಯಿತು ಎಂದುಕೊಳ್ಳಬೇಡಿ. ಹೊಸ ದೇಶದ ಸಿಮ್, ಸಾವಿರಾರು ಜನರ ನಡುವೆ ನೆಟ್‌ವರ್ಕ್ ಕೈಕೊಡುತ್ತದೆ. ಹಿಂದಿನ ರಾತ್ರಿ ಹೋಟೆಲ್‌ನಲ್ಲೇ ಟಿಕೆಟ್ ಫೋನಿಗೆ ಇಳಿಸಿಕೊಳ್ಳಿ. ನಾಲ್ಕು ಜನರದ್ದೂ ಎರಡು ಫೋನ್‌ಗಳಲ್ಲಿ ಇರಲಿ, ಮಗನ ಉಚಿತ ಟಿಕೆಟ್ ಕೂಡ.